ಒತ್ತದೆ ಬಿಟ್ಟ ಮೂರನೆಯ ಕೀ

"ತೊಂದರೆ ಕಂಪ್ಯೂಟರಲ್ಲಿಲ್ಲ ಮೇಡಂ. ಅವರ ಕೈಯಲ್ಲಿದೆ."

ಒಳಗಿನ ಮಾತು ಹೊರಗೆ ಕೇಳಿಸಬಾರದೆಂದೇ ಹಾಕಿಸಿದ್ದ ಗಾಜಿನ ಬಾಗಿಲು ಅದು. ಅರ್ಧ ತೆರೆದಿಟ್ಟರೆ ಅದಾದರೂ ಏನು ಮಾಡೀತು? ಟೀ ಲೋಟ ಹಿಡಿದು ಆ ದಾರಿಯಾಗಿ ಬರುತ್ತಿದ್ದ ಹುಡುಗಿ ನಿಂತಲ್ಲೇ ನಿಂತಳು. ಮಾತಾಡಿದವನು ಮೂರು ದಿನದಿಂದ ಅವಳ ಕಂಪ್ಯೂಟರ್ ನೋಡಲು ಬರುತ್ತಿದ್ದ ರಿಪೇರಿಯವನು. 'ಅವರು' ಎಂದರೆ ತಾನೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಟೀ ತುಳುಕಿ ಬೆರಳ ಮೇಲೆ ಬಿತ್ತು. ಉಸ್ ಎನ್ನಲೂ ಆಗದೆ ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

ಅಷ್ಟು ಒಳ್ಳೆಯವನು ಅಂದುಕೊಂಡಿದ್ದಳಲ್ಲ!

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಇವನಿಗಿಂತ ಮೊದಲು ಬಂದಿದ್ದ ಇಬ್ಬರು, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ "ನೀವೇ ಏನೋ ಒತ್ತಿರ್ತೀರಿ" ಎಂದು ತೀರ್ಪು ಕೊಟ್ಟು ಹೋಗಿದ್ದರು. ಇವನು ಹಾಗೆನ್ನಲಿಲ್ಲ. ಬಂದವನೇ ಒಂದು ಪುಟ್ಟ ಪುಸ್ತಕ ತೆಗೆದು, "ಏನಾಗುತ್ತೆ ಹೇಳಿ, ನಿಮ್ಮ ಮಾತಲ್ಲೇ ಹೇಳಿ" ಎಂದು ಅವಳು ತಡವರಿಸಿದ್ದನ್ನೆಲ್ಲ ಬರೆದುಕೊಂಡಿದ್ದ. ಯಾವ ಸೆಟ್ಟಿಂಗ್ ತೆರೆದರೂ ಮೊದಲು ಅದು ಹೇಗಿತ್ತೆಂದು ಗುರುತು ಹಾಕಿಕೊಂಡು, ನೋಡಿಯಾದ ಮೇಲೆ ಇದ್ದ ಹಾಗೇ ಇಡುತ್ತಿದ್ದ. ಬೇರೆಯವರ ಮನೆಗೆ ಹೋದಾಗ ಚಪ್ಪಲಿ ಬಿಡುವ ಜಾಗ ನೋಡಿಕೊಳ್ಳುವಂಥ ಮನುಷ್ಯ.

ಅಂಥವನ ಬಾಯಲ್ಲೂ ಕೊನೆಗೆ ಅದೇ ಮಾತು.

*

ಆಫೀಸಿನಲ್ಲಿ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಪಿಸುಮಾತಿಗಿಂತ ಜೋರಾಗಿ ಅವಳು ಮಾತಾಡಿದ್ದನ್ನು ಕೇಳಿದವರಿರಲಿಲ್ಲ. ಡಿಗ್ರಿ ಮುಗಿಸಿ ಈ ಕೆಲಸಕ್ಕೆ ಸೇರಿ ಆರು ತಿಂಗಳು. ಆರು ತಿಂಗಳೂ ಕೆಲಸ ಖಾಯಂ ಆಗುವ ಮೊದಲಿನ ಪರೀಕ್ಷೆಯ ಅವಧಿ. ಅದು ಈ ಶುಕ್ರವಾರಕ್ಕೆ ಮುಗಿಯುತ್ತಿತ್ತು.

ಕಿವಿ ಕೇಳದವರಿಗೆ ಮಾತನ್ನು ಓದಿಸುವುದು ಅಲ್ಲಿನ ಕೆಲಸ. ಪಾಠ, ಭಾಷಣ, ನಾಟಕ, ಹಾಸ್ಯ, ಯಾವ ವಿಡಿಯೋ ಬಂದರೂ ಅದರಲ್ಲಿ ಆಡಿದ ಪ್ರತಿ ಮಾತನ್ನೂ ಚಿತ್ರದ ಕೆಳಗೆ ಎರಡು ಸಾಲಾಗಿ ಹಾಕಬೇಕು, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಟೈಪ್ ಮಾಡುವುದು ಅರ್ಧ ಕೆಲಸ. ಆ ಸಾಲು ಯಾವ ಕ್ಷಣಕ್ಕೆ ಮೂಡಬೇಕೆಂದು ಕೂರಿಸುವುದು ಉಳಿದರ್ಧ. ಅದಕ್ಕೆ ಆಲ್ಟ್, ಶಿಫ್ಟ್ ಎರಡನ್ನೂ ಹಿಡಿದು ಬಾಣದ ಕೀ ಒತ್ತಬೇಕು. ಒಂದು ಸಲ ಒತ್ತಿದರೆ ಸಾಲು ಕೂದಲೆಳೆಯಷ್ಟು ಸರಿಯುತ್ತದೆ.

ಹನ್ನೆರಡು ಜನ ಇದನ್ನೇ ಮಾಡುತ್ತಿದ್ದರು. ಹನ್ನೊಂದು ಜನರಿಗೆ ಏನೂ ಆಗುತ್ತಿರಲಿಲ್ಲ. ಪಿಸುವಿನ ಕಂಪ್ಯೂಟರಿನಲ್ಲಿ ಮಾತ್ರ ಹೇಳದೆ ಕೇಳದೆ ಭಾಷೆ ಬದಲಾಗಿಬಿಡುತ್ತಿತ್ತು. ಕನ್ನಡ ಟೈಪ್ ಮಾಡಲು ಹೋದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಅದಾದರೂ ಕಣ್ಣಿಗೆ ಕಾಣುತ್ತದೆ, ಅಳಿಸಬಹುದು. ಕಾಣದ ಕಾಟ ಇನ್ನೊಂದಿತ್ತು. ಭಾಷೆ ಕನ್ನಡಕ್ಕೆ ತಿರುಗಿದ್ದಾಗ ಫೈಲ್ ಉಳಿಸಲೆಂದು ಕಂಟ್ರೋಲ್ ಜೊತೆ ಎಸ್ ಒತ್ತಿದರೆ, ಆ ಸಾಫ್ಟ್‌ವೇರಿಗೆ ಎಸ್ ಕಾಣುತ್ತಲೇ ಇರಲಿಲ್ಲ, ಅದೇ ಕೀಯಲ್ಲಿರುವ ಕನ್ನಡದ ಅಕ್ಷರ ಕಾಣುತ್ತಿತ್ತು. ಉಳಿಯಿತೆಂದು ನಂಬಿ ಅವಳು ಮುಂದೆ ಹೋಗುವಳು. ಎರಡು ಸಲ ಇಡೀ ಬೆಳಗಿನ ಕೆಲಸ ಗಾಳಿಗೆ ಹೋಗಿತ್ತು.

ಇಷ್ಟನ್ನು ರಿಪೇರಿಯವನು ಮೊದಲ ದಿನವೇ ಕಂಡುಹಿಡಿದಿದ್ದ. ಭಾಷೆ ಬದಲಿಸುವ ಕೀ ಕೂಡ ಆಲ್ಟ್-ಶಿಫ್ಟ್ ಜೋಡಿಯೇ ಎಂಬುದೂ ಅವನಿಗೆ ಗೊತ್ತಿತ್ತು. ಆದರೆ ಜೊತೆಗೆ ಮೂರನೆಯ ಕೀ ಒತ್ತಿದಾಗ ಕಂಪ್ಯೂಟರ್ ಅದನ್ನು ಭಾಷೆಯ ಆಜ್ಞೆ ಎಂದು ತೆಗೆದುಕೊಳ್ಳುವುದಿಲ್ಲ. ಮತ್ತೆ ಇವಳಿಗೊಬ್ಬಳಿಗೇ ಯಾಕೆ?

ಸೆಟ್ಟಿಂಗ್ ಬದಲಿಸಿ ನೋಡೋಣವೆಂದರೆ ಆಫೀಸು ನಡೆಸುವ ಮೇಡಂ ಬಿಡರು. ಅಲ್ಲಿ ಎಲ್ಲ ಕಂಪ್ಯೂಟರಿಗೂ ಒಂದೇ ಸೆಟ್ಟಿಂಗ್, ಯಾರು ಎಲ್ಲಿ ಬೇಕಾದರೂ ಕೂತು ಕೆಲಸ ಮಾಡುವಂತೆ. "ಒಬ್ಬಳಿಗೋಸ್ಕರ ಹನ್ನೊಂದು ಜನರ ಕೈ ಅಭ್ಯಾಸ ಕೆಡಿಸೋಕಾಗಲ್ಲ. ಕಾರಣ ತೋರಿಸಿ, ಆಮೇಲೆ ಮುಟ್ಟಿ" ಎಂದಿದ್ದರು. ಪಿಸುವಿಗೆ ಹೇಳಿದ್ದು ಬೇರೆ. "ಶುಕ್ರವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಮುಂದಿನ ಬಾಗಿಲ ಹತ್ರ ಫೋನಿನ ಸೀಟು ಖಾಲಿ ಇದೆ ನೋಡಮ್ಮಾ. ಅಲ್ಲಿ ಟೈಪಿಂಗ್ ಇರಲ್ಲ."

ಫೋನಿನ ಸೀಟು! ಒಂದು ಫೋನ್ ಮಾಡಬೇಕಾದರೆ ಹೇಳಬೇಕಾದ್ದನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳುವ ಹುಡುಗಿ ಅವಳು. ದಿನವಿಡೀ ಗುರುತಿಲ್ಲದವರ ದನಿಗೆ ಉತ್ತರ ಕೊಡುತ್ತಾ ಕೂರುವುದನ್ನು ನೆನೆದರೇ ಅಂಗೈ ಬೆವರುತ್ತಿತ್ತು.

*

ಟೀ ಮುಗಿಸಿ ಸೀಟಿಗೆ ಬಂದಾಗ ಅವನು ಆಗಲೇ ಅಲ್ಲಿ ನಿಂತಿದ್ದ.

"ನಿಮ್ಮ ಕೈ ನೋಡಬೇಕಿತ್ತು" ಅಂದ.

ಪಕ್ಕದ ಸೀಟಿನಲ್ಲಿ ಹದಿನೈದು ವರ್ಷದಿಂದ ಕೂತಿರುವ ಅಕ್ಕ ಕನ್ನಡಕ ಹಣೆಗೇರಿಸಿದರು. ಅವನಿಗೆ ಡಾಕ್ಟರು ಎಂದು ಹೆಸರಿಟ್ಟವರು ಅವರೇ.

"ಕೈ ನೋಡೋಕೆ ಡಾಕ್ಟ್ರು ಬೇಕಾ, ಜ್ಯೋತಿಷಿ ಬೇಕಾ? ನೋಡೋದಾದ್ರೆ ಮದ್ವೆ ಯಾವಾಗ ಅಂತಾನೂ ನೋಡಿಬಿಡಿ ಡಾಕ್ಟ್ರೇ, ಅವಳ ಅಮ್ಮ ಕೇಳ್ತಿದ್ರು."

ಅವನ ಕಿವಿಯ ತುದಿ ಕೆಂಪಾಯಿತು. "ಅಯ್ಯೋ, ಹಾಗಲ್ಲ. ಟೈಪ್ ಮಾಡೋವಾಗಿನ ಕೈ."

"ನೋಡಿ ಆಯ್ತಲ್ಲ" ಎಂದಳು ಪಿಸು, ಕುರ್ಚಿ ಎಳೆದುಕೊಳ್ಳುತ್ತಾ. "ವರದಿ ಕೊಟ್ಟೂ ಆಯ್ತು."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಗಾಜಿನ ಬಾಗಿಲಿನ ಕಡೆ ನೋಡಿದ. ಅರ್ಥವಾಯಿತು.

"ಪೂರ್ತಿ ಕೇಳಿಸ್ಕೊಂಡ್ರಾ?"

"ಅಷ್ಟೇ ಸಾಕಾಗಿತ್ತು."

"ಇನ್ನೊಂದು ಮಾತಿತ್ತು" ಎಂದು ಹೇಳಿ, ಪಕ್ಕದ ಅಕ್ಕನ ಹಣೆಯ ಮೇಲಿನ ಕನ್ನಡಕ ನೋಡಿ ಸುಮ್ಮನಾದ. "ಇರ್ಲಿ. ಒಂದು ಹತ್ತು ನಿಮಿಷ ಕೆಲಸ ಮಾಡಿ ತೋರಿಸ್ತೀರಾ? ನಾನು ಇಲ್ಲಿ ಕೂತು ಆ ಮೂರು ಕೀ ಮುನ್ನೂರು ಸಲ ಒತ್ತಿದ್ದೀನಿ. ನನಗೆ ಒಂದ್ಸಲವೂ ಆಗ್ಲಿಲ್ಲ. ನಿಮಗೆ ಮಾತ್ರ ಆಗುತ್ತೆ ಅಂದ್ರೆ ನಿಮ್ಮ ಕೈಗೆ ಗೊತ್ತಿರೋದು ಏನೋ ನನ್ನ ಕೈಗೆ ಗೊತ್ತಿಲ್ಲ."

ಬಾಯಿ ತೆರೆದರೆ ಅವಳಿಗೆ ಅಳು ಬರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡಿನ ಮೇಲೆ ಸಿಟ್ಟು ತೀರಿಸಿಕೊಂಡಳು. ಟಕ್ ಟಕ್ ಟಕ್, ಮೂರು ಕೀ ಒಂದೇ ಏಟಿಗೆ. ಟಕ್ ಟಕ್ ಟಕ್. ಸಾಲಿನ ಮೇಲೆ ಸಾಲು, ತಪ್ಪಿಲ್ಲದೆ, ನಿಲ್ಲದೆ. ಪಕ್ಕದಲ್ಲಿ ಅವನಿದ್ದಾನೆ ಎಂಬುದು ಎಡಗೆನ್ನೆಗೆ ಗೊತ್ತಾಗುತ್ತಿತ್ತು, ಬಿಸಿಲು ಬಿದ್ದ ಹಾಗೆ. ಹತ್ತು ನಿಮಿಷ ಹೋಗಿ ಇಪ್ಪತ್ತಾಯಿತು. ಭಾಷೆ ಒಂದು ಸಲವೂ ಅಲುಗಲಿಲ್ಲ.

"ನಿಮಗೆ ಕೋಪ ಬಂದ್ರೆ ಕಂಪ್ಯೂಟರ್ ಹೆದರುತ್ತೆ ನೋಡಿ" ಅಂದ ಅವನು ಮೆಲ್ಲಗೆ.

ನಗಬಾರದೆಂದು ತುಟಿ ಕಚ್ಚಿದಳು. ತುಟಿ ಮಾತು ಕೇಳಲಿಲ್ಲ.

*

"ಕೈ ನೋಡಿದ್ನಾ? ಮುಖ ನೋಡ್ಲಿಲ್ವಾ?"

ಕೇಳಿದ್ದು ಅಪ್ಪ. ಮೂವತ್ತು ವರ್ಷ ಅಚ್ಚಿನ ಯಂತ್ರಗಳ ಗದ್ದಲದಲ್ಲಿ ದುಡಿದು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದವರು. ಮಗಳ ತುಟಿ ನೋಡಿ ಮಾತು ತಿಳಿಯುವರು. ತಮ್ಮ ದನಿ ಎಷ್ಟು ಏರಿದೆ ಎಂಬುದು ಮಾತ್ರ ಅವರಿಗೆ ತಿಳಿಯದು.

"ಅಪ್ಪಾ, ಮೆಲ್ಲಗೆ! ಪಕ್ಕದ ಮನೆಯವರಿಗೆ ಕೇಳುತ್ತೆ."

"ನನಗೇ ಕೇಳಲ್ಲ, ಅವರಿಗೆ ಹೇಗೆ ಕೇಳುತ್ತೆ?" ಎಂದರು ಅಪ್ಪ ಇನ್ನೂ ಜೋರಾಗಿ. ಒಳಗಿನಿಂದ ಅಮ್ಮ ನಕ್ಕಿದ್ದು ಕೇಳಿಸಿತು.

ಸಂಜೆ ಆರಕ್ಕೆ ಹಾಸ್ಯದ ಕಾರ್ಯಕ್ರಮ. ಅಪ್ಪ ಟೀವಿಯ ಮುಂದೆ ಕುರ್ಚಿ ಎಳೆದುಕೊಂಡರೆ ಪಿಸು ಅಪ್ಪನ ಕಡೆ ತಿರುಗಿ ಕೂರುವಳು. ಕೆಲಸ ಕಲಿತದ್ದು ಅವಳು ಹೀಗೆ. ಟೀವಿಯಲ್ಲಿನ ಮನುಷ್ಯ ಬಾಯಿ ತೆರೆಯುವ ಮೊದಲೇ ಕೆಳಗಿನ ಸಾಲು ಮೂಡಿಬಿಟ್ಟರೆ ಅಪ್ಪನಿಗೆ ನಗು ಬರುತ್ತಿರಲಿಲ್ಲ. ಜೋಕು ಮೊದಲೇ ಓದಿಯಾಗಿರುತ್ತಿತ್ತು. ತಡವಾದರೂ ಬರುತ್ತಿರಲಿಲ್ಲ. ಮಾತಿಗೆ ಮುಂಚೆ ಮನುಷ್ಯ ಒಂದು ಉಸಿರು ಎಳೆದುಕೊಳ್ಳುತ್ತಾನಲ್ಲ, ಆ ಉಸಿರಿನ ತುದಿಯಲ್ಲಿ ಸಾಲು ಬಂದರೆ ಅಪ್ಪನ ಹೊಟ್ಟೆ ಕುಲುಕುತ್ತಿತ್ತು.

ಆ ದಿನವೂ ಅಪ್ಪನ ಹೊಟ್ಟೆ ನೋಡುತ್ತಾ ಕೂತಳು. ಶುಕ್ರವಾರದ ನಂತರ ಈ ನಗುವಿಗೂ ತನಗೂ ಯಾವ ಸಂಬಂಧವೂ ಇರುವುದಿಲ್ಲ ಎನ್ನಿಸಿತು.

"ಅವನು ಹೇಗಿದ್ದಾನೆ ಕಣೇ?" ಅಪ್ಪ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದರು.

ಅಪ್ಪ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ ಅವಳು ನಿಜ ಹೇಳಿಬಿಟ್ಟಳು. "ಕೀಬೋರ್ಡ್ ಒರೆಸೋವಾಗ ಅದಕ್ಕೆ ಕಚಗುಳಿ ಆಗಬಾರದು ಅನ್ನೋ ಹಾಗೆ ಒರೆಸ್ತಾನೆ."

*

ಗುರುವಾರ ಬೆಳಿಗ್ಗೆ ಅವನು ಬಂದವನೇ ಕುರ್ಚಿಯನ್ನು ತಿರುಗಿಸಿ, ಅವಳಿಗೆ ಬೆನ್ನು ಹಾಕಿ ಕೂತ.

"ಇದೇನಿದು?" ಎಂದರು ಪಕ್ಕದ ಅಕ್ಕ. "ನಿನ್ನೆ ಕೈ ನೋಡ್ತೀನಿ ಅಂದ್ರಿ, ಇವತ್ತು ಮುನಿಸಾ?"

"ನಾನು ನೋಡ್ತಿದ್ರೆ ಅವರು ಅವರ ಹಾಗೆ ಟೈಪ್ ಮಾಡಲ್ಲ ಅಕ್ಕಾ. ನಿನ್ನೆ ಮಾಡಿದ್ದು ಅವರಲ್ಲ, ಅವರ ಸಿಟ್ಟು. ಇವತ್ತು ಕೇಳಿಸ್ಕೋತೀನಿ ಅಷ್ಟೇ." ಗೋಡೆಯನ್ನೇ ನೋಡುತ್ತಾ ಪಿಸುವಿಗೆ ಹೇಳಿದ, "ನಾನಿಲ್ಲ ಅಂದ್ಕೊಳ್ಳಿ."

ಇಲ್ಲ ಅಂದುಕೊಳ್ಳುವುದು ಅಷ್ಟು ಸುಲಭವೇ? ಅವನ ಬೆನ್ನು ಅಲ್ಲಿತ್ತು. ಇಸ್ತ್ರಿ ಮಾಡುವಾಗ ಎಡ ತೋಳನ್ನು ಮರೆತಿದ್ದ. ಕತ್ತಿನ ಹಿಂದೆ ಒಂದು ಸುಳಿ, ಎಷ್ಟು ಬಾಚಿದರೂ ಮಣಿಯದ ಕೂದಲು. ಎದುರಿಗಿದ್ದಾಗ ತಲೆ ಎತ್ತಿ ನೋಡಲಾಗದ ಮನುಷ್ಯನನ್ನು ಹೀಗೆ ಕಣ್ತುಂಬ ನೋಡಬಹುದಲ್ಲ ಎಂದುಕೊಂಡಳು. ಆಮೇಲೆ ನಾಚಿಕೊಂಡು ವಿಡಿಯೋ ಶುರು ಮಾಡಿದಳು.

ಒಬ್ಬ ಮುದುಕ ತನ್ನ ಹೆಂಡತಿಯ ಗೊರಕೆಯ ಬಗ್ಗೆ ಹೇಳುವ ಹಾಸ್ಯ. ಚಿತ್ರ ಪರದೆಯ ತುಂಬ ಹರಡಿತ್ತು, ಕೆಳಗಿನ ಪಟ್ಟಿಯೂ ಕಾಣದಂತೆ. ಮುದುಕನ ಮುಖದಲ್ಲಿ ಅವಳು ತನ್ನನ್ನು ಮರೆತಳು. ಅವನು ಮಾತು ನಿಲ್ಲಿಸಿದ, ಕಣ್ಣು ಕಿರಿದು ಮಾಡಿದ, ಈಗ ಉಸಿರೆಳೆದುಕೊಳ್ಳುತ್ತಾನೆ... ಸಾಲು ಸರಿಯಾಗಿಯೇ ಇದೆ, ಬೇಡ. ಮುಂದಿನದು.

"ಈಗೇನು ಮಾಡಿದ್ರಿ?"

ಅವಳು ಬೆಚ್ಚಿದಳು. ಅವನು ತಿರುಗಿರಲಿಲ್ಲ.

"ಏನೂ ಮಾಡ್ಲಿಲ್ಲ."

"ಆ ಏನೂ ಮಾಡದೆ ಇದ್ದಿದ್ದನ್ನ ಇನ್ನೊಂದ್ಸಲ ಮಾಡಿ."

"ಏನೂ ಮಾಡದೆ ಇದ್ದಿದ್ದನ್ನ ಹೇಗೆ ಮಾಡೋದು?"

"ಎರಡು ಕೀ ಕೆಳಗೆ ಹೋಗಿದ್ದು ಕೇಳಿಸ್ತು. ಆಮೇಲೆ ಸದ್ದಿಲ್ಲ. ಆಮೇಲೆ ಎರಡೂ ಮೇಲೆ ಬಂದವು. ಮೂರನೇದು ಬರಲೇ ಇಲ್ಲ." ಈಗ ಅವನು ತಿರುಗಿದ. ಕಣ್ಣುಗಳು ಹೊಳೆಯುತ್ತಿದ್ದವು. "ಆಲ್ಟ್ ಶಿಫ್ಟ್ ಹಿಡ್ಕೊಂಡು ಕಾಯ್ತೀರಾ?"

"ಹೂಂ. ಬಾಣದ ಮೇಲೆ ಬೆರಳಿಟ್ಟುಕೊಂಡು ಕಾಯ್ತೀನಿ. ಬೇಕಾದ್ರೆ ಒತ್ತೋದು. ಸಾಲು ಸರಿಯಾಗೇ ಇದೆ ಅನ್ನಿಸಿದ್ರೆ ಬಿಟ್ಟುಬಿಡ್ತೀನಿ."

"ಬಿಟ್ಟುಬಿಡ್ತೀರಿ!" ಎಂದ ಅವನು, ಕಳೆದುಹೋದ ವಸ್ತು ಸಿಕ್ಕಿದವನಂತೆ. ಮೇಲೆದ್ದು ಚಿತ್ರವನ್ನು ಚಿಕ್ಕದು ಮಾಡಿ, ಕೆಳಗಿನ ಪಟ್ಟಿಯ ಮೂಲೆಯಲ್ಲಿ ಭಾಷೆ ತೋರಿಸುವ ಪುಟ್ಟ ಗುರುತನ್ನು ಬೆರಳಿಟ್ಟು ತೋರಿಸಿದ. "ನೋಡ್ತಿರಿ. ಹಿಡ್ಕೊಳ್ಳಿ. ಕಾಯಿರಿ. ಈಗ ಬಿಡಿ."

ಅವಳು ಬಿಟ್ಟಳು. ಗುರುತು ಸದ್ದಿಲ್ಲದೆ ಕನ್ನಡದಿಂದ ಇಂಗ್ಲಿಷಿಗೆ ಹೊರಳಿತು.

ಇಬ್ಬರೂ ಅದನ್ನೇ ನೋಡಿದರು. ಮತ್ತೆ ಹಿಡಿದು ಬಿಟ್ಟಳು. ಇಂಗ್ಲಿಷಿನಿಂದ ಕನ್ನಡ. ಮತ್ತೆ. ಆರು ತಿಂಗಳ ದೆವ್ವ ಬೆರಳ ತುದಿಯಲ್ಲಿ ಕುಣಿಯುತ್ತಿತ್ತು.

"ಮೂರನೇ ಕೀ ಬಂದ್ರೆ ಕಂಪ್ಯೂಟರಿಗೆ ಗೊತ್ತಾಗುತ್ತೆ, ಓ, ಇದು ಸಾಲು ಸರಿಸೋಕೆ ಅಂತ. ಬರದೆ ಇದ್ರೆ ಎರಡೇ ಕೀ ಅಲ್ವಾ? ಅದು ಭಾಷೆ ಬದಲಿಸು ಅನ್ನೋ ಆಜ್ಞೆ. ಬೇರೆಯವರೆಲ್ಲ ಮೂರನ್ನೂ ಒಟ್ಟಿಗೆ ಬಡೀತಾರೆ. ನಾನೂ ಬಡಿದೆ. ಅದಕ್ಕೇ ನನಗೆ ಆಗ್ಲಿಲ್ಲ." ಒಂದು ಕ್ಷಣ ತಡೆದು ಕೇಳಿದ, "ನೀವು ಯಾಕೆ ಕಾಯ್ತೀರಿ?"

ಆರು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವಳು ಹೇಳಿದಳು. ಉಸಿರಿನ ವಿಷಯ, ಅಪ್ಪನ ವಿಷಯ, ಹೊಟ್ಟೆ ಕುಲುಕುವ ವಿಷಯ. ಮಾತು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಅಮ್ಮನ ನಗುವಿನವರೆಗೂ ಹೋಗಿ ಥಟ್ಟನೆ ನಿಂತಳು.

ಅವನು ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ಸದ್ದು ತೆಗೆದು, ಅವಳು ಆ ವಾರ ಕೂರಿಸಿದ್ದ ಒಂದು ಪೂರ್ತಿ ಕಾರ್ಯಕ್ರಮ ನೋಡಿದ. ನಡುನಡುವೆ ನಕ್ಕ. ಒಮ್ಮೆ ಕಣ್ಣೊರೆಸಿಕೊಂಡ. ಮುಗಿದ ಮೇಲೂ ಪರದೆಯನ್ನೇ ನೋಡುತ್ತಾ ಕೂತಿದ್ದ.

"ನಿನ್ನೆ ಮೇಡಂಗೆ ಹೇಳಿದ ಇನ್ನೊಂದು ಮಾತು ಕೇಳ್ತೀರಾ?"

ಅವಳು ತಲೆಯಾಡಿಸಿದಳು.

"'ಅವರ ಕೈಯಲ್ಲಿದೆ, ಆದ್ರೆ ಅದನ್ನ ಸರಿ ಮಾಡೋಕೆ ಹೋಗಬೇಡಿ' ಅಂದಿದ್ದೆ. 'ಆ ಕೈ ಏನು ಮಾಡ್ತಿದೆ ಅಂತ ಮೊದಲು ತಿಳ್ಕೋಬೇಕು' ಅಂತ."

ಪಕ್ಕದ ಅಕ್ಕನ ಕನ್ನಡಕ ಈ ಸಲ ಹಣೆಗೇರಲಿಲ್ಲ. ಅವರು ಬಹಳ ಶ್ರದ್ಧೆಯಿಂದ ತಮ್ಮ ಪರದೆ ನೋಡುತ್ತಿದ್ದರು. ಅದು ಆಫ್ ಆಗಿತ್ತು.

*

ಶುಕ್ರವಾರ ಹನ್ನೊಂದಕ್ಕೆ ಮೂವರೂ ಗಾಜಿನ ಬಾಗಿಲ ಒಳಗಿದ್ದರು. ಬಾಗಿಲು ಪೂರ್ತಿ ಮುಚ್ಚಿತ್ತು.

ಅವನು ಎರಡೇ ಮಾತಿನಲ್ಲಿ ಕಾರಣ ಹೇಳಿದ, ಹಿಡಿದು ಬಿಟ್ಟು ತೋರಿಸಿದ. ಪರಿಹಾರವೂ ಚಿಕ್ಕದು. ಭಾಷೆ ಬದಲಿಸುವ ಕೆಲಸವನ್ನು ಆಲ್ಟ್-ಶಿಫ್ಟ್ ಜೋಡಿಯಿಂದ ತೆಗೆದು, ಕೀಬೋರ್ಡಿನ ಎಡ ಮೂಲೆಯಲ್ಲಿ ಯಾರೂ ಬಳಸದ ಒಂದು ಕೀಗೆ ಕೊಡುವುದು. ಸೆಟ್ಟಿಂಗಿನಲ್ಲಿ ಎರಡು ನಿಮಿಷದ ಕೆಲಸ.

"ಎರಡು ನಿಮಿಷ ನಿಮಗೆ" ಎಂದರು ಮೇಡಂ. "ಹೊಸ ಕೀಗೆ ಕೈ ಹೊಂದೋಕೆ ಹನ್ನೊಂದು ಜನಕ್ಕೆ ಎರಡು ವಾರ. ಇವಳೊಬ್ಬಳು ಹಿಡಿದು ಬಿಡೋದನ್ನ ನಿಲ್ಲಿಸಿದ್ರೆ ಮುಗೀತಲ್ಲ? ಎಲ್ಲರ ಹಾಗೆ ಟಕ್ ಅಂತ ಒತ್ತಲಿ. ಆಗಲ್ಲ ಅಂದ್ರೆ ಫೋನಿದೆ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಇನ್ನೊಂದು ದನಿ ಬಂತು.

"ಮೇಡಂ, ಸೌಂಡ್ ತೆಗೆದು ಎರಡು ವಿಡಿಯೋ ನೋಡ್ತೀರಾ?"

ದನಿ ತನ್ನದೇ ಎಂದು ಪಿಸುವಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ಹೋಗಿ ಮೇಡಂ ಕಂಪ್ಯೂಟರಿನಲ್ಲಿ ಒಂದು ಹಳೆಯ ಫೈಲ್ ತೆರೆದಳು. ಇನ್ನೊಬ್ಬ ಮಾತುಗಾರನ ಹಾಸ್ಯ, ಯಾರೋ ಯಾವಾಗಲೋ ಕೂರಿಸಿದ್ದ ಸಾಲುಗಳು. ಮಾತುಗಾರ ಬಾಯಿ ತೆರೆಯುವ ಮೊದಲೇ ಕೊನೆಯ ಮಾತು ಕೆಳಗೆ ಮೂಡಿತ್ತು. ಮೇಡಂ ಮುಖದಲ್ಲಿ ಒಂದು ಗೆರೆಯೂ ಸರಿಯಲಿಲ್ಲ.

ಆಮೇಲೆ ಗೊರಕೆಯ ಮುದುಕ.

ಮುದುಕ ಮಾತು ನಿಲ್ಲಿಸಿದ. ಕಣ್ಣು ಕಿರಿದು ಮಾಡಿದ. ಉಸಿರೆಳೆದುಕೊಂಡ. ಸಾಲು ಮೂಡಿತು. ಮೇಡಂ ಮೂಗಿನಿಂದ ಒಂದು ಸದ್ದು ಹೊರಟಿತು. ಮುಂದಿನ ಸಾಲಿಗೆ ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಅದರ ಮುಂದಿನದಕ್ಕೆ ಕುರ್ಚಿ ಹಿಂದಕ್ಕೆ ವಾಲಿತು.

"ಇದಕ್ಕೇ ಮೇಡಂ ಕಾಯೋದು" ಎಂದಳು ಪಿಸು. ದನಿ ಸಣ್ಣದಾಗಿತ್ತು, ಆದರೆ ಒಡೆದಿರಲಿಲ್ಲ. "ಟಕ್ ಅಂತ ನಾನೂ ಒತ್ತಬಲ್ಲೆ. ಬುಧವಾರ ಸಿಟ್ಟಲ್ಲಿ ಇಪ್ಪತ್ತು ನಿಮಿಷ ಹಾಗೇ ಒತ್ತಿದೆ. ಒಂದೂ ತಪ್ಪಾಗ್ಲಿಲ್ಲ. ಆಮೇಲೆ ಕೂತು ನೋಡಿದೆ, ಅದರಲ್ಲಿ ಎಲ್ಲೂ ನಗು ಬರಲ್ಲ. ಇದನ್ನ ನೋಡೋರಿಗೆ ಕಿವಿ ಕೇಳಲ್ಲ ಮೇಡಂ. ಅವರಿಗೆ ನಾವು ಕೊಡೋ ಸಾಲೇ ದನಿ. ಅದು ಯಾವಾಗ ಬರಬೇಕು ಅಂತ ಒಂದು ಕ್ಷಣ ಯೋಚನೆ ಮಾಡೋದು ತಪ್ಪು ಅಂದ್ರೆ ನನ್ನನ್ನ ಫೋನಿಗೇ ಕೂರಿಸಿ. ತಪ್ಪಲ್ಲ ಅಂದ್ರೆ ಆ ಕೀ ಬದಲಾಯಿಸಿ. ಹನ್ನೊಂದು ಜನಕ್ಕೂ ನಾನೇ ಹೇಳಿಕೊಡ್ತೀನಿ."

ರಿಪೇರಿಯವನು ಅವಳನ್ನು ನೋಡುತ್ತಿದ್ದ. ಈ ಸಲ ಅವನು ನೋಡುತ್ತಿದ್ದದ್ದು ಕೈಯನ್ನಲ್ಲ.

ಮೇಡಂ ಕಣ್ಣೊರೆಸಿಕೊಂಡು, ಮೊದಲಿನ ಫೈಲನ್ನು ಮತ್ತೆ ತೆರೆದರು.

"ಇದನ್ನ ಮಾಡಿದ್ದು ಯಾರು ಗೊತ್ತಾ?"

"ಗೊತ್ತಿಲ್ಲ ಮೇಡಂ. ಹಳೇದು."

"ನಾನು."

ಮೇಡಂ ಇಬ್ಬರನ್ನೂ ಒಂದೊಂದು ಸಲ ನೋಡಿದರು. ಅವರ ತುಟಿಯ ಅಂಚಿನಲ್ಲಿ ಗೊರಕೆಯ ಮುದುಕ ಇನ್ನೂ ಉಳಿದಿದ್ದ.

"ಕೀ ಬದಲಾಯಿಸಿ" ಎಂದರು ಅವನಿಗೆ. ಇವಳಿಗೆ, "ಸೋಮವಾರದಿಂದ ಹನ್ನೊಂದು ಜನ ಅಲ್ಲ, ನನ್ನನ್ನೂ ಸೇರಿಸಿ ಹನ್ನೆರಡು ಜನಕ್ಕೆ ಹೇಳಿಕೊಡು. ಆ ಉಸಿರಿನ ವಿಷಯಾನೂ. ಇಷ್ಟು ಮಾತಾಡ್ತೀಯ ಅಂತ ಗೊತ್ತಿದ್ದಿದ್ರೆ ಮೊದಲೇ ನಿನ್ನನ್ನ ಫೋನಿಗೆ ಕೂರಿಸ್ತಿದ್ದೆ. ಈಗ ಬೇರೆ ಯಾರನ್ನಾದ್ರೂ ಹುಡುಕಬೇಕು. ಹೋಗಿ, ಹೋಗಿ."

*

ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಕಂಪ್ಯೂಟರಿನ ಸೆಟ್ಟಿಂಗೂ ಬದಲಾಗಿತ್ತು. ಪಿಸು ಆಲ್ಟ್-ಶಿಫ್ಟ್ ಹಿಡಿದಳು, ಮನಸ್ಸಿಗೆ ಬಂದಷ್ಟು ಹೊತ್ತು ಕಾದಳು, ಬಿಟ್ಟಳು. ಭಾಷೆ ಅಲುಗಲಿಲ್ಲ. ಹಿಗ್ಗಿ ತಿರುಗಿದರೆ ಅವನು ಚೀಲದ ಜಿಪ್ ಎಳೆಯುತ್ತಿದ್ದ.

ಮೆಟ್ಟಿಲವರೆಗೆ ಅವನ ಜೊತೆ ನಡೆದಳು. ಅವನು ಚೀಲದಿಂದ ಒಂದು ಹಾಳೆ ತೆಗೆದು ಗೋಡೆಗೆ ಒತ್ತಿ ಹಿಡಿದ.

"ಇಲ್ಲೊಂದು ಸಹಿ. ತೊಂದರೆ ಪರಿಹಾರ ಆಗಿದೆ ಅಂತ. ನೀವೇ ಹಾಕಬೇಕು."

ಪೆನ್ನು ತೆಗೆದುಕೊಂಡಳು. "ಸಹಿ ಹಾಕಿದ ಮೇಲೆ?"

"ದೂರು ಮುಗೀತು. ಸೋಮವಾರ ಒಂದು ಆಸ್ಪತ್ರೆಗೆ ಹೋಗ್ಬೇಕು. ಅಲ್ಲಿ ಪ್ರಿಂಟರ್‌ಗಳೆಲ್ಲ ಸೇರಿ ಮುಷ್ಕರ ಹೂಡಿವೆಯಂತೆ."

"ಇಲ್ಲಿಗೆ?"

"ಏನಾದ್ರೂ ಕೆಟ್ಟರೆ ಕರೀತಾರೆ." ನಗುತ್ತಲೇ ಹೇಳಿದ. "ನಮ್ಮ ಕೆಲಸ ಹಾಗೇ ನೋಡಿ. ಎಲ್ಲಾ ಸರಿ ಇದ್ರೆ ನಮ್ಮ ನೆನಪು ಯಾರಿಗೂ ಇರಲ್ಲ. ಮರೆತರೇನೇ ಕೆಲಸ ಚೆನ್ನಾಗಾಗಿದೆ ಅಂತ. ಬೇಜಾರೇನಿಲ್ಲ, ಅಭ್ಯಾಸ ಆಗಿದೆ." ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡಿದ. "ಈ ಸಲ ಸ್ವಲ್ಪ ಬೇಜಾರಿದೆ."

ಅದನ್ನು ಅವನು ಗೋಡೆಗೆ ಹೇಳಿದ. ಕಿವಿಯ ತುದಿ ಮತ್ತೆ ಕೆಂಪಾಗಿತ್ತು. ಮುನ್ನೂರು ಸಲ ಮೂರು ಕೀ ಬಡಿದವನಿಗೆ ಮುಂದಿನ ಮಾತು ಬರಲಿಲ್ಲ.

ಪಿಸು ಹಾಳೆಯ ಮೇಲೆ ತನ್ನ ಹೆಸರು ಬರೆದಳು. ನಿಧಾನವಾಗಿ, ಒಂದೂ ಅಕ್ಷರ ಬಿಡದೆ. ಆಮೇಲೆ ತಲೆ ಎತ್ತಿ, ಮೊದಲ ಬಾರಿ, ಅವನ ಕಣ್ಣನ್ನೇ ನೋಡಿದಳು.

"ಏನೂ ಕೆಡದೆ ಇರೋವಾಗ ಕರೆದ್ರೆ ಬರ್ತೀರಾ?"

"ಏನು ಕೆಲಸ ಇರುತ್ತೆ ಆಗ?"

"ಕೆಲಸ ಏನಿರಲ್ಲ. ನೀವಂದ್ರೆ ನನಗೆ ಇಷ್ಟ. ಅದಕ್ಕೆ ಕರೀತಿದ್ದೀನಿ. ಭಾನುವಾರ ನಾಲ್ಕು ಗಂಟೆಗೆ ಮನೆಗೆ ಬನ್ನಿ. ಅಪ್ಪ ಜೋರಾಗಿ ಮಾತಾಡ್ತಾರೆ, ಹೆದರ್ಕೋಬೇಡಿ." ಉಸಿರು ತೆಗೆದುಕೊಂಡು ಸೇರಿಸಿದಳು, "ಸುಮ್ನೆ ಬನ್ನಿ."

ಅವನು ತಲೆಯಾಡಿಸಿದ, ಒಂದು ಸಲ, ಸಾಲದೆಂಬಂತೆ ಇನ್ನೂ ಎರಡು ಸಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕುವ ಬದಲು ಜೇಬಿಗೆ ಹಾಕಿಕೊಂಡ. "ನಾಲ್ಕು ಗಂಟೆ" ಎಂದ. "ಭಾನುವಾರ. ನಾಲ್ಕು." ಚೀಲ ಹೆಗಲಿಗೇರಿಸಿ ಮೆಟ್ಟಿಲ ಕಡೆ ತಿರುಗಿ ಸರಸರನೆ ಹೊರಟ.

ಹಿಂದಿನಿಂದ ಪಕ್ಕದ ಸೀಟಿನ ಅಕ್ಕನ ದನಿ ಕೇಳಿತು. ಯಾವಾಗಿನಿಂದ ಬಾಗಿಲಲ್ಲಿ ನಿಂತಿದ್ದರೋ!

"ಡಾಕ್ಟ್ರೇ, ರಸ್ತೆ ಕೆಳಗಿದೆ. ನೀವು ಟೆರೇಸಿಗೆ ಹೋಗ್ತಿದ್ದೀರಿ!"